ಒಂದೇ ಕೈಯ ಮೇವು

ಎತ್ತು ಮಾರುವ ಸುದ್ದಿಯನ್ನು ಪಕೀರಮ್ಮನಿಗೆ ಗಂಡ ಹೇಳಲಿಲ್ಲ, ಪಕ್ಕದ ಮನೆಯ ಜಂಬಮ್ಮ ಹೇಳಿದಳು. ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ, "ನಿನ್ನ ಹಂಸ ರಾಯಚೂರಿಗಿ ಹೊಂಟಾನಂತಲ್ಲ ಬೇ. ನೀನೂ ಹಿಂದಿಂದ ಹೋಗಾಕಿ ಏನು ಮತ್ತ?" ಎಂದಳು.

"ಯಾರಂದ್ರು?"

"ಊರಿಗೂರ ಅನ್ನಾಕತ್ತದ. ನಿನ್ನ ಗಂಡ ಅಗಸಿ ಕಟ್ಟಿ ಮ್ಯಾಲ ಕುಂತು ತಾನ ಹೇಳಿದ್ನಂತ. ಒಂದು ಜೋಡಿ ಕೊಟ್ಟು ಎರಡು ಜೋಡಿ ಹೊಡಕೊಂಡು ಬರ್ತಾನಂತ. ಶಾಣ್ಯಾ ಬಿಡು. ನಮ್ಮಂವ ಒಂದು ಕೋಳಿ ಒಯ್ದು ಅರ್ಧ ಕೋಳಿ ತರ್ತಾನ."

ಬಾವಿಯ ಸುತ್ತ ನಿಂತವರು ನಕ್ಕರು. ಪಕೀರಮ್ಮನೂ ನಕ್ಕಳು. ನಗದಿದ್ದರೆ ಇನ್ನೂ ನಾಲ್ಕು ಮಾತು ಬರುತ್ತವೆಂದು ಅವಳಿಗೆ ಗೊತ್ತಿತ್ತು. ಕೊಡ ತುಂಬಿಸಿ ತಲೆಯ ಮೇಲಿಟ್ಟುಕೊಂಡಳು. ಮನೆ ಮುಟ್ಟುವ ಹೊತ್ತಿಗೆ ರವಿಕೆಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ನಡಿಗೆಯಲ್ಲಿ ನೀರು ತುಳುಕಿಸುವವಳಲ್ಲ ಅವಳು.

ಅವಳು ಮದುವೆಯಾಗಿ ದೇವದುರ್ಗಕ್ಕೆ ಬಂದಾಗ ಗಂಡ ಗದ್ದೆಪ್ಪ ಜಾಲಹಳ್ಳಿಯ ಗೌಡರೊಬ್ಬರ ಓಟದ ಗಾಡಿ ಹೊಡೆಯುತ್ತಿದ್ದ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಆ ಸೀಮೆಯ ಗಾಡಿಗಳೆಲ್ಲ ಒಂದು ಬೆಳಿಗ್ಗೆ ದೇವದುರ್ಗದಿಂದ ಹೊರಟು, ಮಾನ್ವಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ರಾಯಚೂರಿನ ಕೋಟೆಯ ಹೊರಗಿನ ಬಯಲನ್ನು ಮುಟ್ಟಬೇಕು. ಒಂದೇ ಉಸಿರಿಗೆ ಓಡಿ ಗೆಲ್ಲುವ ಓಟವಲ್ಲ ಅದು, ಎತ್ತನ್ನು ಉಳಿಸಿಕೊಂಡು ಗೆಲ್ಲುವ ಓಟ. ಬೆಳಿಗ್ಗೆ ಬಾರುಕೋಲು ಬೀಸುತ್ತ ಮುಂದೆ ಹೋದವರ ಎತ್ತುಗಳು ಮಧ್ಯಾಹ್ನಕ್ಕೆ ನೊರೆ ಕಾರುತ್ತ ದಾರಿಯ ಪಕ್ಕ ನಿಂತಿರುತ್ತಿದ್ದವು. ಗದ್ದೆಪ್ಪ ಎಲ್ಲರ ಧೂಳು ತಿನ್ನುತ್ತ ಹಿಂದೆ ಬರುತ್ತಿದ್ದ. ಏರು ಬಂದರೆ ಗಾಡಿಯಿಂದ ಜಿಗಿದು ನೊಗಕ್ಕೆ ಕೈಕೊಟ್ಟು ತಾನೂ ಓಡುತ್ತಿದ್ದ. ಬಾರುಕೋಲನ್ನು ತೋರಿಸುತ್ತಿದ್ದನೇ ಹೊರತು ಮುಟ್ಟಿಸುತ್ತಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಮ್ಮೆ ನಾಲಿಗೆ ಲೊಚಗುಟ್ಟಿದನೆಂದರೆ, ಆಮೇಲೆ ಧೂಳು ತಿನ್ನುವುದು ಉಳಿದವರ ಪಾಳಿ.

ಲಡಾಯಿಯ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಸುಟ್ಟುಕೊಂಡು ಕೆಮ್ಮುತ್ತ ಓಡುತ್ತಿದ್ದವಲ್ಲ, ಅಂಥ ಒಂದು ಬಸ್ಸು ಏರಿನಲ್ಲಿ ನಿಂತಾಗ ಗದ್ದೆಪ್ಪ ಪಕ್ಕದಲ್ಲೇ ಹಾದುಹೋಗುತ್ತ, "ಹಿಂದ ಕಟ್ಟಿಗೊಂಡು ಹೋಗ್ಲೇನಪಾ?" ಎಂದು ಡ್ರೈವರನನ್ನು ಕೇಳಿದ್ದನಂತೆ. ಆ ಮಾತು ಮೂರು ತಾಲ್ಲೂಕು ಸುತ್ತಿ ಬಂದು ಪಕೀರಮ್ಮನ ಕಿವಿಗೆ ಬಿದ್ದಿತ್ತು. ಗಂಡನ ಹೆಸರು, ಗಂಡನ ಮಾತು, ಗಂಡನ ಗೆಲುವು, ಎಲ್ಲವೂ ಅವಳಿಗೆ ಹಾಗೆಯೇ ಊರು ಸುತ್ತಿಯೇ ಬರುತ್ತಿದ್ದವು. ಗೆದ್ದು ಬಂದ ದಿನ ಬೆಳ್ಳಿಯ ಕಡಗವನ್ನು ಅವಳ ಕೈಗೆ ಕೊಟ್ಟು, ಉಂಡು, ಕಂಬಳಿ ಎತ್ತಿಕೊಂಡು ಅವನು ಹೋಗುತ್ತಿದ್ದದ್ದು ಎತ್ತುಗಳ ಹತ್ತಿರಕ್ಕೆ. ಅವನ ಕಣ್ರೆಪ್ಪೆಯಲ್ಲಿ ಕೂತ ಧೂಳನ್ನು ಒರೆಸಬೇಕೆಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಒರೆಸಲಿಲ್ಲ. ಮಕ್ಕಳಾಗಲಿಲ್ಲ. ಅದನ್ನು ಊರು ಆಡಿಕೊಂಡು ಆಡಿಕೊಂಡು ಸಾಕಾಗಿ ಬಿಟ್ಟಿತ್ತು.

ಓಟದ ಎತ್ತಿಗೆ ಒಂದು ಕಟ್ಟಳೆಯಿತ್ತು. ಅದು ಒಂದೇ ಕೈಯಿಂದ ಉಣ್ಣಬೇಕು. ಮಾನ್ವಿಯ ತಂಗುಬಯಲಲ್ಲಿ ಎಲ್ಲರ ಎತ್ತುಗಳನ್ನೂ ಸಾಲಾಗಿ ಕಟ್ಟುತ್ತಿದ್ದರು. ಎದುರಾಳಿಯ ಎತ್ತಿಗೆ ಹಿಂಡಿಯಲ್ಲಿ ಏನಾದರೂ ಕಲಸಿ ತಿನ್ನಿಸುವವರಿಗೆ ಯಾವ ಕಾಲದಲ್ಲೂ ಬರವಿರಲಿಲ್ಲ. ಅದಕ್ಕೇ ಹೋರಿಗರುವಾಗಿದ್ದಾಗಿನಿಂದ ಒಬ್ಬರೇ ಮೇವು ಹಾಕಿ, ಒಬ್ಬರೇ ನೀರು ತೋರಿಸಿ, ಬೇರೆಯವರು ಬೆಲ್ಲ ಹಿಡಿದರೂ ಮುಖ ತಿರುಗಿಸುವಂತೆ ರೂಢಿ ಮಾಡುತ್ತಿದ್ದರು. ಹಾಗೆ ಹಾಕುವವರನ್ನು ಎತ್ತಿನ 'ಕೈ' ಎನ್ನುತ್ತಿದ್ದರು. ಕೈ ಆದವರು ಹೊಸ ಸಾಬೂನು ಮುಟ್ಟಬಾರದು, ವಾಸನೆ ಎಣ್ಣೆ ಹಚ್ಚಬಾರದು, ಒಂದು ಹೊತ್ತೂ ಊರು ಬಿಡಬಾರದು. ಗೌಡರ ಎತ್ತುಗಳಿಗೆ ಗದ್ದೆಪ್ಪನೇ ಕೈ. ಪಕೀರಮ್ಮ ಆ ಕಾಲದಲ್ಲಿ ಕೊಟ್ಟಿಗೆಯ ಬಾಗಿಲು ದಾಟಿದವಳಲ್ಲ.

ಒಂದು ವರ್ಷ ಮಾನ್ವಿ ದಾರಿಯ ಹಳ್ಳದ ಇಳಿಜಾರಿನಲ್ಲಿ ಗಾಲಿಯ ಕೀಲು ಕಳಚಿ ಗಾಡಿ ಮಗುಚಿತು. ಬಲಗಡೆಯ ಎತ್ತಿನ ಕಾಲು ಮುರಿಯಿತು, ಗದ್ದೆಪ್ಪನ ಸೊಂಟ ಮುರಿಯಿತು. ಜನ ಬರುವವರೆಗೂ ಅವನು ಎತ್ತಿನ ಕೊರಳ ಮೇಲೆ ಕೈಯಿಟ್ಟುಕೊಂಡು ಬಿದ್ದಿದ್ದನಂತೆ. ಸಂಜೆಗೆ ಎತ್ತು ಹೋಯಿತು. ಅವನನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಮನೆಗೆ ತಂದರು. ತಿಂಗಳುಗಟ್ಟಲೆ ಅವಳು ಮಗ್ಗಲು ಬದಲಿಸಿದಳು, ಕಾಸಿದಳು, ತಿಕ್ಕಿದಳು. ಗಂಡ ಮನೆಯಲ್ಲೇ ಇದ್ದ ಒಂದೇ ಒಂದು ಕಾಲ ಅದು. ಆದರೆ ಅವನು ಗೋಡೆಯ ಕಡೆ ಮುಖ ಮಾಡಿಕೊಂಡಿರುತ್ತಿದ್ದ.

ಎದ್ದು ಕೋಲೂರಿ ನಡೆಯುವಂತಾದ ಮೇಲೆ ಗೌಡರಿಂದ ಎರಡು ಹೋರಿಗರು ಬೇಡಿ ತಂದ. ಒಂದು ಅಚ್ಚ ಬಿಳುಪು, ಅದು ಹಂಸ. ಇನ್ನೊಂದು ಕಾಲು ತುಸು ಮೋಟು, ಅದು ಗಿಡ್ಡ. ಕೆಲವು ತಿಂಗಳು ತಾನೇ ಕೈಯಾಗಿ ನೋಡಿಕೊಂಡ. ಮಲ್ಲಟದಿಂದ ತಾಯಪ್ಪ ಎಂಬ ಚುರುಕು ಹುಡುಗನನ್ನು ಗಾಡಿ ಹೊಡೆಯಲು ಗೊತ್ತುಮಾಡಿದ. ಆಮೇಲೆ ಒಂದು ದಿನ ಹೆಂಡತಿಯನ್ನು ಕೊಟ್ಟಿಗೆಗೆ ಕರೆದು, "ಇನ್ನ ಮ್ಯಾಲ ನೀನ ಕೈ" ಎಂದ.

"ನಾನಾ? ತಾಯಪ್ಪ ಅದಾನಲ್ರಿ."

"ತಾಯಪ್ಪನ ಕೈಯಾಗ ಕೊಟ್ರ ನಾಳಿಗಿ ಎತ್ತೂ ಅವನವು, ಓಟಾನೂ ಅವಂದು. ನಾ ಮಾಲಕ ಆದಂವ ಹತ್ತು ಕಡಿ ತಿರಗಬೇಕು. ನೀ ಎಲ್ಲಿಗಿ ಹೋಗಾಕಿದ್ದಿ?"

ಕೈ ದಾಟಿಸುವುದು ಎಂದರೆ ಹೀಗೆ: ಹಳೆಯ ಕೈಯ ಬೊಗಸೆಯ ಕೆಳಗೆ ಹೊಸ ಕೈ ಹಿಡಿದು ಉಣಿಸಬೇಕು, ದಿನದಿಂದ ದಿನಕ್ಕೆ ಹಳೆಯ ಕೈ ಹಿಂದೆ ಸರಿಯಬೇಕು. ಗದ್ದೆಪ್ಪ ನಾಲ್ಕಾರು ದಿನ ಜೊತೆಗೆ ನಿಂತ, ಆಮೇಲೆ ಮನೆಗೇ ಬರಲಿಲ್ಲ. ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಮಲಗಿದ, ಜಂಬಮ್ಮನ ಮನೆಯಿಂದ ರೊಟ್ಟಿ ತರಿಸಿಕೊಂಡು ತಿಂದ. ಮಾಲೀಕನಾದ ಕೂಡಲೇ ದನದ ಗಂಜಲ ನಾರತೊಡಗಿತು ಇವನಿಗೆ, ಎಂದು ಅವಳು ಹಲ್ಲು ಕಚ್ಚಿದಳು.

ಆದರೆ ಕರುಗಳು ಬೆಳೆದು ಓಟಕ್ಕೆ ಇಳಿದ ಮೇಲೆ ಆ ಓಟಗಳು ಅವಳನ್ನು ಮನೆಯಿಂದ ಹೊರಗೆ ತಂದವು. ಪ್ರತಿ ವರ್ಷ ಓಟದ ಹಿಂದಿನ ರಾತ್ರಿ ಎತ್ತುಗಳಿಗೆ ಉಣಿಸಿ, ಮೇವಿನ ಗಾಡಿಯಲ್ಲಿ ಕುಳಿತು ಮಾನ್ವಿಗೆ ಹೋಗಿ, ತಂಗುಬಯಲಲ್ಲಿ ಹತ್ತಿಕಾಳು ನೆನೆಹಾಕಿಕೊಂಡು ಕಾಯಬೇಕು. ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಣ್ಣು. ಮೊದಲ ವರ್ಷ ಅವರು ಕೊಂಕು ನುಡಿದರು, ಮರುವರ್ಷ ಚಹ ಕೊಟ್ಟರು. ದೂರದಲ್ಲಿ ಧೂಳು ಕಂಡರೆ ಅದರಲ್ಲಿ ಹಂಸ ಎಲ್ಲಿದೆಯೆಂದು ಅವಳಿಗೆ ತಿಳಿಯುತ್ತಿತ್ತು. ನೊಗ ಇಳಿಸಿದ ಮೇಲೆ ಅದು ಅಷ್ಟು ಜನರ ಗದ್ದಲದಲ್ಲಿ ತಲೆ ಎತ್ತಿ ಅವಳನ್ನು ಹುಡುಕುತ್ತಿತ್ತು. ಬಳೆಯ ಸಪ್ಪಳ ಕೇಳಿದರೆ ಕಿವಿ ಈ ಕಡೆ ತಿರುಗುತ್ತಿತ್ತು.

ಮಕ್ಕಳಿಲ್ಲದವಳು, ಎತ್ತನ್ನೇ ಮಗ ಎಂದುಕೊಂಡಿದ್ದಾಳೆ ಎಂದು ಜನ ಅನ್ನುವುದು ಪಕೀರಮ್ಮನಿಗೆ ಹಿಡಿಸುತ್ತಿರಲಿಲ್ಲ. ಮಗ ಮಗ, ಎತ್ತು ಎತ್ತು. ಅದಲ್ಲ ವಿಷಯ. ಅವಳು ಒಳಗೆ ಬಂದರೆ ಕಿವಿ ತಿರುಗಿಸುವ ಜೀವ ಇಷ್ಟು ವರ್ಷದಲ್ಲಿ ಅದೊಂದೇ ಆಗಿತ್ತು.

ಅದಕ್ಕಾಗಿ ಅವಳು ತೆತ್ತದ್ದೂ ಇತ್ತು. ತವರಿನಲ್ಲಿ ತಾಯಿ ಹಾಸಿಗೆ ಹಿಡಿದಾಗ ಹೋಗಿ ಇರಲಾಗಲಿಲ್ಲ. ತಾಯಿ ತೀರಿಕೊಂಡಾಗ ಮಣ್ಣಿಗೆ ಹೋದವಳು ಬಿಸಿಲು ಇಳಿಯುವ ಮೊದಲೇ ಮೇವಿನ ಹೊತ್ತಿಗೆ ತಿರುಗಿ ಬಂದಿದ್ದಳು. ಅಳುವುದನ್ನೂ ಕೊಟ್ಟಿಗೆಯಲ್ಲಿಯೇ ಅತ್ತಳು.

ನಿಜಾಮರ ರಾಜ್ಯದ ಗಲಾಟೆಯ ವರ್ಷ ಓಟ ನಡೆಯಲಿಲ್ಲ. ಗಾಡಿ ಹೊರಗೆ ತೆಗೆಯಲೂ ಜನ ಹೆದರುತ್ತಿದ್ದರು. ಮರುವರ್ಷ ಎಲ್ಲ ತಣ್ಣಗಾಗಿ ಓಟ ನಡೆದಾಗ ಹಂಸನ ಜೋಡಿ ಎರಡೂ ದಿನ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಕೋಟೆಯ ಬಯಲಲ್ಲಿ ರಾಯಚೂರಿನ ಹತ್ತಿ ವ್ಯಾಪಾರಿ ಮಹಮ್ಮದ್ ಹುಸೇನ್ ಸಾಹೇಬರು ಗದ್ದೆಪ್ಪನ ಭುಜ ತಟ್ಟಿ ಹೂವಿನ ಹಾರ ಹಾಕಿದರು. ಆ ಹಾರದ ಹಿಂದೆ ಎತ್ತು ಕೊಳ್ಳುವ ವ್ಯವಹಾರ ಇದೆಯೆಂದು ಅವಳು ಎಣಿಸಿರಲಿಲ್ಲ.

ಬಾವಿಯ ಹತ್ತಿರ ಸುದ್ದಿ ಕೇಳಿದ ರಾತ್ರಿ ಗದ್ದೆಪ್ಪ ಊಟಕ್ಕೆ ಕೂತಾಗ ಅವಳು ರೊಟ್ಟಿ ಹಾಕದೆ ನಿಂತಳು.

"ಯಾರನ್ನ ಕೇಳಿದ್ರಿ?"

"ಎತ್ತ ಮಾರಾಕ ಯಾರನ್ನ ಕೇಳಬೇಕು?"

"ಅದು ನನ್ನ ಕೈ ಎತ್ತು."

"ಕೈ ನಿಂದು. ಎತ್ತ ನಂದು." ಅವನು ತಾಟನ್ನು ತುಸು ಮುಂದೆ ತಳ್ಳಿದ. "ಹಂಸಗ ವಯಸ್ಸಾತು. ಇನ್ನೊಂದೆರಡು ಓಟ ಓಡೀತು. ಆಮ್ಯಾಲ ಅದನ್ನ ಯಾರು ಮೂಸಿ ನೋಡ್ತಾರ? ಸಾಹೇಬ್ರ ಮನ್ಯಾಗ ಮುದಿಯಾದ ಎತ್ತೂ ಕಟಗರ ಕೈಗಿ ಹೋಗಂಗಿಲ್ಲ. ಕೇಳಿ ನೋಡೀನಿ ನಾ. ಈಗ ಕೊಟ್ರ ಎರಡು ಜೋಡಿ ಎಳೀವು ಬರ್ತಾವ. ಮೂರು ವರ್ಷಕ್ಕ ನನ್ನವು ಎರಡು ಗಾಡಿ ಓಡತಾವ."

"ನಾ ಹೋಗಿ ಕೈ ದಾಟಸಂಗಿಲ್ಲ ಅಂದ್ರ?"

ಅವನು ಕೊಟ್ಟಿಗೆಯ ಕಡೆ ನೋಡಿದ. "ಅದು ಉಪಾಸ ಬೀಳತದ. ನನಗಲ್ಲ, ಅದಕ್ಕ." ಆಮೇಲೆ ಅವಳು ರೊಟ್ಟಿ ಹಾಕಿದಳು. ಅವನು ತಿನ್ನಲಿಲ್ಲ. ಕೋಲು ಹುಡುಕಿಕೊಂಡು ಎದ್ದು ಹೋದ.

ರಾಯಚೂರಿನಲ್ಲಿ ಸಾಹೇಬರ ಮನೆ ಹತ್ತಿಯ ಗೋದಾಮಿನ ಹಿಂದಿತ್ತು. ಎತ್ತರದ ಗೋಡೆಯ ಅಂಗಳ, ಅದರ ಒಂದು ಬದಿಗೆ ಕಲ್ಲು ಹಾಸಿದ ಕೊಟ್ಟಿಗೆ. ಎತ್ತುಗಳನ್ನು ತಾಯಪ್ಪ ಹೊಡೆದು ತಂದ. ಪಕೀರಮ್ಮನನ್ನು ಮನೆಯವರು ಒಳಗೆ ಕರೆದು ಹಿತ್ತಲಿನ ಕೋಣೆ ತೋರಿಸಿದರು. ಹೊಸ ಕೈ ಯಾರೆಂದು ನೋಡಿದರೆ, ಸಾಹೇಬರ ತಾಯಿ ನೂರ್ ಬೀ. ಬೆನ್ನು ಬಾಗಿದ ಮುದುಕಿ, ಬಾಯಿತುಂಬ ಎಲೆ ಅಡಿಕೆ.

"ಯಾಕ ಹಂಗ ನೋಡಾಕತ್ತಿ ಬೇಟಿ? ಮುದುಕಿ ಕೈಯಾಗ ಬಲ ಇಲ್ಲ ಅಂತೇನು? ಉಣಸಾಕ ಬಲ ಬೇಡ, ಪುರಸೊತ್ತು ಬೇಕು. ಅದು ನನ್ನ ಹಂತ್ಯಾಕ ಬೇಕಾದಷ್ಟು ಅದ."

ತಾಯಪ್ಪ ಊರಿಗೆ ಹೊರಟಾಗ ಎತ್ತುಗಳ ಹಣೆ ಮುಟ್ಟಿ, "ಯಕ್ಕಾ, ಲಗೂನ ಬಾ. ಮಾಲಕ್ರು ಒಬ್ರ ಇರ್ತಾರ" ಎಂದ. ಅವಳು ಹತ್ತಿಕಾಳಿನ ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಯೊಳಗೆ ನಡೆದಳು.

ಗಿಡ್ಡ ಮೊದಲ ದಿನವೇ ದಾಟಿತು. ನೂರ್ ಬೀಯ ಬೊಗಸೆಯೊಳಗೆ ಮೂತಿಯಿಟ್ಟು ಹತ್ತಿಕಾಳನ್ನೆಲ್ಲ ಬಳಿದು, ಇನ್ನೂ ಬೇಕೆಂದು ಅವಳ ಕೊರಳ ಮಣಿಸರವನ್ನು ಎಳೆಯಿತು. "ಎಲಾ ಬದ್ಮಾಶ್! ನನ್ನ ಗಂಡನೂ ಇಷ್ಟು ಸಲಿಗಿ ಮಾಡಿದ್ದಿಲ್ಲ" ಎಂದು ಮುದುಕಿ ನಕ್ಕಳು. ಪಕೀರಮ್ಮನಿಗೆ ನಗು ಬಂತು, ಅದರ ಹಿಂದೆಯೇ ಒಂದು ಪ್ರಶ್ನೆಯೂ ಬಂತು. ಇಷ್ಟು ವರ್ಷ ಉಣಿಸಿದ್ದು ಇಷ್ಟೇ ಏನು?

ಹಂಸ ದಾಟಲಿಲ್ಲ. ಪಕೀರಮ್ಮನ ಬೊಗಸೆ ಮೇಲಿದ್ದಾಗ ತಿಂದಿತು. ಅವಳು ಕೈ ತೆಗೆದ ಕೂಡಲೇ ತಲೆ ಎತ್ತಿ ಅವಳ ಕಡೆ ತಿರುಗಿ ನಿಂತಿತು. ನಾಲ್ಕು ದಿನ ಹಾಗೆಯೇ ನಡೆಯಿತು. ಆಮೇಲೆ ಕಟ್ಟಳೆಯಂತೆ ಅವಳು ಕೊಟ್ಟಿಗೆಯ ಹೊರಗೆ ಕಣ್ಣಿಗೆ ಬೀಳದ ಹಾಗೆ ಉಳಿಯಬೇಕಾಯಿತು. ನೂರ್ ಬೀ ಒಳಗೆ ಹೋಗಿ ಏನೇನೋ ರಮಿಸುತ್ತ, ಹಾಡುತ್ತ ಬೊಗಸೆ ಹಿಡಿದು ನಿಲ್ಲುತ್ತಿದ್ದಳು. ಗೋಡೆಯ ಈಚೆ ನಿಂತ ಪಕೀರಮ್ಮನಿಗೆ ಎತ್ತಿನ ಉಸಿರು ಕೇಳುತ್ತಿತ್ತು.

ಮೊದಲ ಸಲ ಬಳೆ ಸದ್ದಾದದ್ದು ತಾನಾಗಿಯೇ. ಸೆರಗು ಸರಿಮಾಡಿಕೊಂಡಳು, ಅಷ್ಟೇ. ಒಳಗೆ ಅಗಿಯುತ್ತಿದ್ದ ಸಪ್ಪಳ ಥಟ್ಟನೆ ನಿಂತಿತು. ಅಂದರೆ ಹಂಸ ಆಗಲೇ ಮೂತಿ ಇಟ್ಟಿತ್ತು. ಒಂದು ತುತ್ತು ತೆಗೆದುಕೊಂಡಿತ್ತು. ತನಗೆ ಬಂದದ್ದು ಸಿಟ್ಟೋ ಸಂಕಟವೋ ಪಕೀರಮ್ಮನಿಗೇ ತಿಳಿಯಲಿಲ್ಲ. ಮರುದಿನ ಅಗಿಯುವ ಸಪ್ಪಳ ಕೇಳಿದ ಕೂಡಲೇ ಅವಳು ಬೇಕೆಂದೇ ಕೈ ಕೊಡವಿದಳು. ಸಪ್ಪಳ ನಿಂತಿತು. ಅದರ ಮರುದಿನವೂ ಹಾಗೆಯೇ ಮಾಡಿದಳು. ಅಂದೇ ನೀರು ಕುಡಿಯಲು ಹಂಸನನ್ನು ಅಂಗಳಕ್ಕೆ ಬಿಟ್ಟಾಗ ಬಾಗಿಲ ಸಂದಿಯಿಂದ ನೋಡಿದಳು. ಹೊಟ್ಟೆಯ ಪಕ್ಕದ ಗುಳಿಯಲ್ಲಿ ಒಂದು ಮುಷ್ಟಿ ಹಿಡಿಯುವಷ್ಟು ನೆರಳು ಬಿದ್ದಿತ್ತು. ನಡೆಯುವಾಗ ಹಿಂಗಾಲು ಕಲ್ಲಿನ ಮೇಲೆ ಎಳೆಯುತ್ತಿತ್ತು. ಆದರೂ ಅವಳು ನಿಂತ ಬಾಗಿಲ ಕಡೆ ಕಿವಿ ತಿರುಗಿಸಿತು. ಅವಳು ಸಂದಿಯಿಂದ ಹಿಂದೆ ಸರಿದಳು.

ಆ ಮಧ್ಯಾಹ್ನ ನೂರ್ ಬೀ ಅವಳ ಕೋಣೆಗೆ ಬಂದು ಎಲೆಪೆಟ್ಟಿಗೆ ಮುಂದಿಟ್ಟುಕೊಂಡು ಕೂತಳು. ಒಂದು ಎಲೆಗೆ ಸುಣ್ಣ ಹಚ್ಚಿ ಪಕೀರಮ್ಮನಿಗೆ ಕೊಟ್ಟಳು.

"ನನಗ ಕಣ್ಣ ಮಂದ ಆಗ್ಯಾವ ಬೇಟಿ. ಕಿವಿ ಚಲೋ ಅದಾವ. ಬಳಿ ಸಪ್ಪಳ ನನಗೂ ಕೇಳತದ."

ಪಕೀರಮ್ಮ ತಲೆ ತಗ್ಗಿಸಿದಳು.

"ಬೈಯಾಕ ಬಂದಿಲ್ಲ ಬಿಡು. ನನ್ನ ಕೈಯಾಗ ಎಷ್ಟು ಜೋಡಿ ಬಂದ್ವು, ಎಷ್ಟು ಹೋದ್ವು. ಮೊದಲನೇದು ಹೋಗುವಾಗ ನಾನೂ ಕೊಟ್ಟಿಗಿ ಕೀಲಿ ಮುಚ್ಚಿಟ್ಟಿದ್ದೆ. ಮಗ ಕೀಲಿ ಒಡೆದ."

"ಮಗಳನ್ನ ಗಂಡನ ಮನಿಗಿ ಕಳಿಸಿದಂಗ ಅಂತ ತಿಳಕೋಬೇಕೇನ್ರಿ ಯವ್ವಾ?"

"ಛೇ, ಅದಲ್ಲ. ಮಗಳು ಹಬ್ಬಕ್ಕ ಬರ್ತಾಳ." ಮುದುಕಿ ಅಡಿಕೆ ಕತ್ತರಿಸುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ನಿನಗ ನಿನ್ನ ಗಂಡ ಹೆಂಗ ದಾಟಿಸಿದ?" ಎಂದು ಕೇಳಿದಳು.

"ಅವ್ರೇನು ದಾಟಸ್ತಾರ್ರಿ. ನಾಕ ದಿನ ನಿಂತ್ರು, ಆಮ್ಯಾಲ ಮನೀನ ಬಿಟ್ರು. ಅಗಸಿ ಕಟ್ಟಿ ಮ್ಯಾಲ ಬಿದ್ದುಕೊಂಡ್ರು. ಮುರದ ಸೊಂಟ, ಕಲ್ಲಿನ ಕಟ್ಟಿ. ನಾ ರೊಟ್ಟಿ ಒಯ್ದ್ರ, ನೀ ಬರಬ್ಯಾಡ, ನಿನ್ನ ಸೀರಿಗಿ ನನ್ನ ವಾಸನಿ ಹತ್ತತದ ಅಂತ ದೂರಿಂದ..."

ಅವಳು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

ಆ ಮಾತನ್ನು ಅವನು ಹೇಳಿದ್ದ. ಅವಳು ಕೇಳಿಸಿಕೊಂಡಿದ್ದಳು. ಮಾಲೀಕನ ಸೊಕ್ಕು ಎಂದುಕೊಂಡು ರೊಟ್ಟಿಯ ಗಂಟನ್ನು ಕಟ್ಟೆಯ ಮೇಲೆ ಕುಕ್ಕಿ ಬಂದಿದ್ದಳು. ಕೊಟ್ಟಿಗೆಯಿಂದ ಅಗಸಿ ಎಷ್ಟು ದೂರ? ಎತ್ತು ಕೂಗಿದರೆ ಅಲ್ಲಿಗೆ ಕೇಳಿಸುತ್ತದೆ. ಮೊದಮೊದಲು ಹಂಸ ಕೂಗುತ್ತಲೇ ಇತ್ತು. ಅವನು ಅಷ್ಟನ್ನೂ ಕೇಳುತ್ತ ಕಲ್ಲಿನ ಮೇಲೆ ಮಲಗಿದ್ದ. ಹಳ್ಳದಲ್ಲಿ ಬಿದ್ದ ಎತ್ತಿನ ಕೊರಳ ಮೇಲಿಟ್ಟ ಕೈಯನ್ನು ಅವನು ಮತ್ತೆ ಯಾವ ಎತ್ತಿನ ಮೇಲೂ ಬಹಳ ದಿನ ಇಡಲಾರದೆ ಹೋಗಿರಬೇಕು. ಅದನ್ನು ಹೆಂಡತಿಗೆ ಹೇಳುವ ಬದಲು, ಹತ್ತು ಕಡೆ ತಿರುಗಬೇಕು ಎಂದಿದ್ದ. ಅವಳೂ ಕೇಳಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರು ಇಷ್ಟು ವರ್ಷ ಬೇರೆ ಬೇರೆಯಾಗಿ ಹಸಿದು ಬದುಕಿದ್ದರು.

"ಎಲಿ ಹಾಕ್ಕೋ" ಎಂದಳು ನೂರ್ ಬೀ. ಪಕೀರಮ್ಮ ಹಾಕಿಕೊಂಡಳು. ಇಬ್ಬರೂ ಬಹಳ ಹೊತ್ತು ಅಗಿಯುತ್ತ ಕೂತರು.

ಮರುದಿನ ಬೆಳಕು ಹರಿದ ಮೇಲೆ ಅವಳು ಗಂಟು ಕಟ್ಟಿದಳು. ಕೊಟ್ಟಿಗೆಯ ಕಡೆ ಹೋಗಲಿಲ್ಲ. ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆಯೆಂದು ನೋಡಿ, ಗೋದಾಮಿನ ಹಿಂದಿನ ಓಣಿಯಿಂದ ಸುತ್ತಿ ಹೊರಟಳು. ನೂರ್ ಬೀ ಬಾಗಿಲವರೆಗೆ ಬಂದಳು.

"ನಾ ಬಸ್ಸಿನ ಜಾಗದಾಗ ಕುಂತಿರ್ತೀನ್ರಿ. ಹಂಸ ತಿನ್ನದಿದ್ರ ಯಾರನ್ನರ ನನ್ನ ಕಡಿ ಓಡಸ್ರಿ. ಬರ್ತೀನಿ."

"ಓಡಸ್ತೀನಿ. ಅಲ್ಲಾನ ಆಣಿ."

ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಚಹದ ಅಂಗಡಿ. ಗಂಟಿನ ಮೇಲೆ ಮೊಣಕೈ ಊರಿ ಕೂತಳು. ಗೋದಾಮಿನ ಕಡೆಯ ಓಣಿ ಅಲ್ಲಿಂದ ನೆಟ್ಟಗೆ ಕಾಣುತ್ತಿತ್ತು. ಈಗ ಮುದುಕಿ ಹತ್ತಿಕಾಳು ಎತ್ತಿಕೊಂಡಿರುತ್ತಾಳೆ. ಈಗ ಗಿಡ್ಡನಿಗೆ ಹಾಕಿರುತ್ತಾಳೆ. ಈಗ ಹಂಸನ ಮುಂದೆ ನಿಂತಿರುತ್ತಾಳೆ. ಅದು ಕಿವಿಯನ್ನು ಗೋಡೆಯ ಕಡೆ ತಿರುಗಿಸಿ ಕಾಯುತ್ತಿರಬೇಕು. ಗೋಡೆಯ ಈಚೆ ಯಾರೂ ಇಲ್ಲ.

ದೇವದುರ್ಗದ ಬಸ್ಸು ಬಂತು. ಅವಳು ಏಳಲಿಲ್ಲ. ಓಣಿಯಿಂದ ಒಬ್ಬ ಆಳು ಓಡುತ್ತ ಬಂದಾಗ ಎದ್ದು ನಿಂತಳು. ಅವನು ಬೀಡಿ ಕೊಂಡು ತಿರುಗಿ ಹೋದ. ಬಿಸಿಲು ಮರದ ನೆರಳನ್ನು ಅವಳ ಮೈಮೇಲಿಂದ ಎಳೆದುಕೊಂಡು ಆಚೆ ಹೋಯಿತು. ಅವಳು ಸರಿದು ಕೂತಳು. ಯಾರಾದರೂ ಬರಲಿ ಎಂದು ಬೇಡಿಕೊಂಡಳು. ಆಮೇಲೆ ಅದೇ ಉಸಿರಿನಲ್ಲಿ, ಬರುವುದು ಬೇಡ ಎಂದು ಬೇಡಿಕೊಂಡಳು. ಎರಡು ಬೇಡಿಕೆಯನ್ನೂ ಕೇಳಿಸಿಕೊಂಡ ದೇವರು ಯಾವುದನ್ನು ಹಿಡಿಯಬೇಕು ಪಾಪ.

ಮಧ್ಯಾಹ್ನದ ಬಸ್ಸು ಬಂದು ನಿಂತಿತು. ಓಣಿಯಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೇ. ಕಂಡಕ್ಟರು ಮೆಟ್ಟಿಲ ಮೇಲೆ ನಿಂತು ಅವಳನ್ನೇ ನೋಡಿದ.

"ಯವ್ವಾ, ಮುಂಜಾನಿ ಬಸ್ಸಿಗೂ ಇಲ್ಲೇ ಕುಂತಿದ್ದಿ. ಯಾರರ ಬರೋರು ಅದಾರೇನು? ಅದಾರಂದ್ರ ಒಂದು ಚಹಾ ಕುಡಿಯೂತನ ನಿಲ್ಲಸ್ತೀವಿ."

ಅವಳು ಇನ್ನೊಮ್ಮೆ ಓಣಿಯ ಕಡೆ ನೋಡಿದಳು. ಮೇವಿನ ಹೊತ್ತು ಎಂದೋ ದಾಟಿತ್ತು.

"ಇಲ್ಲಪ್ಪಾ. ಬರಂಗಿಲ್ಲ."

"ಬರಂಗಿಲ್ಲಂದ್ರ ಒಳ್ಳೇದಾತೋ ಕೆಟ್ಟದಾತೋ?" ಅವನು ತಮಾಷೆಗೆ ಕೇಳಿದ.

"ಒಳ್ಳೇದಾತು" ಎಂದು ಹೇಳಿ ಪಕೀರಮ್ಮ ಗಂಟನ್ನು ಮೊದಲು ಒಳಗೆ ದೂಡಿ, ಕಂಬಿ ಹಿಡಿದು, ಬಸ್ಸು ಹತ್ತಿದಳು.